ಪರಮಾಣು ಪೂರ್ತಿ ಖಾಲಿ ಅಂದ್ಮೇಲೆ ಕೈ ಗೋಡೆ ಒಳಗೆ ಯಾಕೆ ಹೋಗಲ್ಲ?

ಬೈಟು_ಕಾಫಿ:

ನಮಸ್ಕಾರ ಎಲ್ರಿಗೂ. ನಾನು ಬಿಕಾಂ ಗಿರಾಕಿ, ಫಿಸಿಕ್ಸಿಗೆ ಎಸ್ಸೆಸ್ಸೆಲ್ಸೀಲೇ ಕೈ ಮುಗಿದು ಬಂದೋನು, ಹಾಗಾಗಿ ಪ್ರಶ್ನೆ ಪೆದ್ದುಪೆದ್ದಾಗಿದ್ರೆ ಬೈಕೊಳ್ಳಿ, ಆದ್ರೆ ಉತ್ತರ ಕೊಟ್ಟು ಬೈರಿ.

ವಿಷ್ಯ ಏನಂದ್ರೆ ಮೊನ್ನೆಯಿಂದ ಒಂದು ರೀಲು ಎಲ್ಲರ ಸ್ಟೇಟಸ್ಸಲ್ಲೂ ಓಡ್ತಿದೆ. ಪರಮಾಣು ಒಳಗೆ 99.99 ಪರ್ಸೆಂಟಿಗಿಂತ ಜಾಸ್ತಿ ಜಾಗ ಖಾಲಿ, ನಡುವೆ ಒಂಚೂರು ನ್ಯೂಕ್ಲಿಯಸ್ಸು, ಎಲ್ಲೋ ದೂರದಲ್ಲಿ ಎಲೆಕ್ಟ್ರಾನು, ಅದಕ್ಕೇ ನೀವು ಟೇಬಲ್ ಮೇಲೆ ಕೈ ಬಡೀತಾನೇ ಇದ್ರೆ ಒಂದಲ್ಲ ಒಂದಿನ ಎಲ್ಲಾ ಪರಮಾಣುಗಳೂ ನೀಟಾಗಿ ಸಾಲು ನಿಂತು ಕೈ ಸಲೀಸಾಗಿ ಕೆಳಗಡೆ ಬಂದ್ಬಿಡುತ್ತೆ ಅಂತ. ಹಿಂದೆ ಭಯಂಕರ ಮ್ಯೂಸಿಕ್ಕು ಬೇರೆ. ನಮ್ಮ ಆಫೀಸಲ್ಲಿ ಅರ್ಧ ಜನ ನಂಬಿದಾರೆ, ಇನ್ನರ್ಧ ಜನ ಟೇಬಲ್ ಬಡೀತಿದಾರೆ.

ನಂಗೆ ತಲೆ ಕೆಡ್ತಿರೋದು ಇಷ್ಟೇ. ಅಷ್ಟೊಂದು ಖಾಲಿ ಇರೋದು ನಿಜಾನೇ ಆದ್ರೆ ನಮ್ಮನ್ನ ತಡೀತಿರೋದು ಏನು? ಟೇಬಲ್ ಬಡಿಯೋ ಕತೆ ಎಷ್ಟು ನಿಜ? ಆಮೇಲೆ ಗಟ್ಟಿ ವಸ್ತು ಒಳಗೆ ಇನ್ನೊಂದು ಗಟ್ಟಿ ವಸ್ತು ತೂತು ಮಾಡ್ದೆ ಹಾದುಹೋಗಿರೋದನ್ನ ನಿಜವಾಗ್ಲೂ ಯಾರಾದ್ರೂ ನೋಡಿದಾರಾ, ಅಥವಾ ಇದೆಲ್ಲಾ ಬರೀ ಸಿನಿಮಾ ದೆವ್ವಗಳಿಗೆ ಮಾತ್ರಾನಾ?

ರಿಟೈರ್ಡ್_ಮೇಷ್ಟ್ರು:

ರೀಲಿನ ಮೊದಲರ್ಧ ಹಳೇ ಪಾಠ, ಎರಡನೇ ಅರ್ಧ ಬರೀ ಒಗ್ಗರಣೆ.

ಈ ಖಾಲಿ ಅನ್ನೋ ಮಾತು ಎಲ್ಲಿಂದ ಬಂತು ಅಂತ ಮೊದಲು ನೋಡೋಣ. 1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ರುದರ್‌ಫರ್ಡ್ ಕೈಕೆಳಗೆ ಗೈಗರ್, ಮಾರ್ಸ್‌ಡೆನ್ ಇಬ್ಬರೂ ತೆಳ್ಳಗಿನ ಚಿನ್ನದ ರೇಕಿನ ಮೇಲೆ ಆಲ್ಫಾ ಕಣಗಳನ್ನ ಬಿಟ್ಟು ನೋಡಿದ್ರು. ಹೆಚ್ಚುಕಮ್ಮಿ ಎಲ್ಲವೂ ಏನೂ ಆಗದ ಹಾಗೆ ಆಚೆ ಹೋದ್ವು, 20,000ಕ್ಕೆ ಒಂದರಂತೆ ಮಾತ್ರ ಪಕ್ಕಕ್ಕೆ 90 ಡಿಗ್ರಿಯಷ್ಟು ತಿರುಗಿದ್ವು. ಅದನ್ನ ಹಿಡ್ಕೊಂಡು 1911ರಲ್ಲಿ ರುದರ್‌ಫರ್ಡ್, ಪರಮಾಣುವಿನ ತೂಕವೆಲ್ಲ ನಡುವೆ ಒಂದು ಚುಕ್ಕೀಲಿ ಕೂತಿದೆ ಅಂತ ಹೇಳಿದ. ಆ ಚುಕ್ಕಿಗಿಂತ ಪರಮಾಣು ಹತ್ತಿರ ಹತ್ತಿರ ಒಂದು ಲಕ್ಷ ಪಟ್ಟು ಅಗಲ. ರೀಲಿನೋರು ಇಷ್ಟಕ್ಕೇ ಪಾಠ ಮುಗಿಸ್ಬಿಟ್ಟಿದಾರೆ.

ಆದ್ರೆ ಗಮನಿಸಿ, ಆ ಆಲ್ಫಾ ಕಣ ಅಂದ್ರೆ ಎಲೆಕ್ಟ್ರಾನೆಲ್ಲ ಕಳಚಿ ಹಾಕಿರೋ ಬೋಳು ಹೀಲಿಯಂ ನ್ಯೂಕ್ಲಿಯಸ್ಸು, ಅದೂ ಸೆಕೆಂಡಿಗೆ 15,000 ಕಿಲೋಮೀಟರ್ ಮೇಲ್ಪಟ್ಟ ವೇಗದಲ್ಲಿ ಬರೋದು. ನಿಮ್ಮ ಕೈ ಹಾಗಿಲ್ವಲ್ಲ. ಕೈಯಲ್ಲಿರೋ ಪ್ರತಿ ಪರಮಾಣೂನೂ ಎಲೆಕ್ಟ್ರಾನ್ ಸಮೇತ ಬರುತ್ತೆ, ನಿಧಾನಕ್ಕೆ ಬರುತ್ತೆ. ಬೋಳು ನ್ಯೂಕ್ಲಿಯಸ್ಸಿಗೆ ಖಾಲಿ ಅನ್ನಿಸಿದ ಜಾಗ ಇಡೀ ಪರಮಾಣುವಿಗೆ ಖಾಲಿ ಅಲ್ಲ. ಇನ್ನೊಂದು, ಎಲೆಕ್ಟ್ರಾನು ಅಂದ್ರೆ ದೂರದಲ್ಲಿ ಗಿರಗಿರ ಸುತ್ತೋ ಪುಟಾಣಿ ಗೋಲಿ ಅಂತ ನಮ್ಮ ಟೆಕ್ಸ್ಟ್‌ಬುಕ್ ಚಿತ್ರ ಇದ್ಯಲ್ಲ, ಅದನ್ನ 1926ರ ಹೊತ್ತಿಗೇ ಬಿಟ್ಟಾಯ್ತು. ಎಲೆಕ್ಟ್ರಾನಿನ ಅಲೆ ಆ ಇಡೀ ಜಾಗದ ತುಂಬಾ ಹರಡ್ಕೊಂಡಿರುತ್ತೆ. ಮಧ್ಯೆ ಖಾಲಿ ಸೈಟು ಬಿಟ್ಟಿಲ್ಲ ಯಾರೂ.

ಹಾಗಾದ್ರೆ ತಡಿಯೋದು ಯಾರು? ತುಂಬಾ ಜನ ಎಲೆಕ್ಟ್ರಾನಿಗೂ ಎಲೆಕ್ಟ್ರಾನಿಗೂ ಮೈನಸ್ ಮೈನಸ್ ಅಲ್ವಾ ಅದಕ್ಕೆ ತಳ್ಳುತ್ವೆ ಅಂತ ಹೇಳಿ ಕೈ ತೊಳ್ಕೋತಾರೆ. ಅದು ಅರ್ಧ ಉತ್ತರವೂ ಅಲ್ಲ. ಪರಮಾಣು ಒಟ್ಟಾರೆ ನ್ಯೂಟ್ರಲ್ಲು, ಪ್ಲಸ್ಸೂ ಇದೆ ಮೈನಸ್ಸೂ ಇದೆ, ಒಂಚೂರು ದೂರದಲ್ಲಿದ್ದಾಗ ಎರಡು ಪರಮಾಣು ಒಂದನ್ನೊಂದು ಸ್ವಲ್ಪ ಎಳ್ಕೊಳ್ತವೆ ಕೂಡ, ಹಲ್ಲಿ ಗೋಡೆಗೆ ಅಂಟ್ಕೊಳ್ಳೋದು ಆ ಸೆಳೆತದಿಂದಾನೇ. ನಿಜವಾದ ಕಾವಲುಗಾರ ಪೌಲಿ ನಿಯಮ, 1925ರದ್ದು. ಒಂದೇ ಸ್ಥಿತೀಲಿ ಎರಡು ಎಲೆಕ್ಟ್ರಾನು ಇರೋ ಹಾಗಿಲ್ಲ. ಸ್ಟ್ಯಾಂಡಿಂಗ್ ಇಲ್ಲದ ಬಸ್ಸು ಅಂದ್ಕೊಳ್ಳಿ, ಕೆಳಗಿನ ಸೀಟೆಲ್ಲ ಭರ್ತಿ. ನೀವು ಒಂದು ಪರಮಾಣುವನ್ನ ಇನ್ನೊಂದರ ಮೇಲೆ ಹೇರಿದ್ರೆ ಆ ಎಲೆಕ್ಟ್ರಾನುಗಳು ಮೇಲಿನ ಎನರ್ಜಿಯ ಸೀಟಿಗೇ ಹತ್ತಬೇಕು, ಹತ್ತಿಸೋ ಖರ್ಚು ನಿಮ್ಮದು. ಬೆರಳಿಗೆ ಟೇಬಲ್ಲು ಗಟ್ಟಿ ಅನ್ಸುತ್ತಲ್ಲ, ಅದು ಆ ಖರ್ಚಿನ ಬಿಲ್ಲು.

1931ರಲ್ಲಿ ಪೌಲಿಗೆ ಲೊರೆಂಟ್ಸ್ ಪದಕ ಕೊಡೋವಾಗ ಎಹ್ರೆನ್‌ಫೆಸ್ಟ್ ಅನ್ನೋ ವಿಜ್ಞಾನಿ ಇದನ್ನೇ ಎತ್ತಿದ್ರು: ಒಂದು ಕಲ್ಲು ಇಷ್ಟು ದಪ್ಪ ಯಾಕಿದೆ, ಒಳಗಿರೋದೆಲ್ಲ ಕುಗ್ಗಿ ಕೂರಬಹುದಿತ್ತಲ್ಲ ಅಂತ. ಪೌಲಿ ನಿಯಮದಿಂದಾನೇ ಅದು ಕುಗ್ಗಲ್ಲ ಅನ್ನೋದನ್ನ ಗಣಿತದಲ್ಲಿ ಪಕ್ಕಾ ಸಾಧಿಸೋಕೆ 1967ರ ತನಕ ಕಾಯ್ಬೇಕಾಯ್ತು, ಡೈಸನ್ ಮತ್ತು ಲೆನಾರ್ಡ್ ಮಾಡಿದ್ರು. ಉದ್ದುದ್ದ ಕಷ್ಟದ ಲೆಕ್ಕ ಅದು, 1975ರಲ್ಲಿ ಲೀಬ್ ಮತ್ತು ಥಿರಿಂಗ್ ಸುಲಭ ಮಾಡಿ ಕೊಟ್ರು. ಅದರಿಂದ ಬರೋ ಒಂದು ವಿಷಯ ಕೇಳಿ: ಪೌಲಿ ನಿಯಮ ಇಲ್ಲದೇ ಹೋಗಿದ್ರೆ ಎರಡು ವಸ್ತು ಒಂದರೊಳಗೊಂದು ಸುಮ್ನೆ ತೂರಿ ಆಚೆ ಬರ್ತಿರ್ಲಿಲ್ಲ. ಎರಡೂ ಸೇರಿ ಕುಸಿದು, ಅಣುಬಾಂಬಿನ ಮಟ್ಟದ ಶಕ್ತಿ ಹೊರಗೆ ಬರ್ತಿತ್ತು. ಟೇಬಲ್ ಮೇಲೆ ಲೋಟ ಇಟ್ಟ ತಪ್ಪಿಗೆ ಊರೇ ಇರ್ತಿರ್ಲಿಲ್ಲ. ಸಿನಿಮಾದೋರು ಈ ಕಡೆ ಯೋಚನೇನೇ ಮಾಡಲ್ಲ.

ಪೀಣ್ಯ_ಟೂಲ್‌ರೂಮ್:

ಮೇಷ್ಟ್ರೇ ಸೂಪರ್. ನಾನು ಟೂಲ್‌ರೂಮಲ್ಲಿ ಇನ್ಸ್‌ಪೆಕ್ಷನ್ ಕೆಲಸ ಮಾಡೋನು, ಥಿಯರಿ ಅಷ್ಟು ಬರಲ್ಲ ಆದ್ರೆ ಎರಡು ಗಟ್ಟಿ ವಸ್ತು ನಿಜವಾಗ್ಲೂ ತೀರಾ ಹತ್ರ ಬಂದ್ರೆ ಏನಾಗುತ್ತೆ ಅಂತ ದಿನಾ ನೋಡ್ತೀನಿ.

ಸ್ಲಿಪ್ ಗೇಜ್ ಅಂತ ಬರುತ್ತೆ, ಅಳತೆ ಸರಿ ಇದ್ಯಾ ಅಂತ ನೋಡೋಕೆ ಬಳಸೋ ಸ್ಟೀಲಿನ ಚಿಕ್ಕ ಚಿಕ್ಕ ಬ್ಲಾಕು, ಮುಖ ಕನ್ನಡಿ ಹಂಗೆ ಹೊಳೀತಿರುತ್ತೆ. 1890ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್ಸನ್ ಅನ್ನೋನು ತಂದಿದ್ದು. ಎರಡು ಬ್ಲಾಕ್ ತಗೊಂಡು ಆಯಿಲ್ ಎಲ್ಲ ಒರೆಸಿ, ಶಾಮಿ ಲೆದರಲ್ಲಿ ಉಜ್ಜಿ, ಒಂದರ ಮೇಲೊಂದು ಅಡ್ಡಕ್ಕಿಟ್ಟು ಮೆತ್ತಗೆ ಒತ್ತಿ ತಿರುಗಿಸ್ಬೇಕು. ಒಂದು ಪಾಯಿಂಟಲ್ಲಿ ಕೈಗೇ ಗೊತ್ತಾಗುತ್ತೆ, ಜಾರ್ತಿದ್ದಿದ್ದು ಗಪ್ಪಂತ ಹಿಡ್ಕೊಳ್ಳುತ್ತೆ. ಅಷ್ಟೇ, ಮೇಲಿನದು ಎತ್ತಿದ್ರೆ ಕೆಳಗಿನದೂ ನೇತಾಡ್ಕೊಂಡು ಬರುತ್ತೆ. ಗಮ್ಮಿಲ್ಲ, ಮ್ಯಾಗ್ನೆಟ್ ಇಲ್ಲ. ನೇರ ಎಳೆದ್ರೆ ಬರಲ್ಲ, ಜಾರಿಸಿನೇ ಬಿಡಿಸ್ಬೇಕು. ಕೆಲಸ ಮುಗಿದ್ಮೇಲೆ ಬಿಡಿಸ್ದೆ ರಾತ್ರಿಯೆಲ್ಲ ಹಂಗೇ ಬಿಟ್ರೆ ಮಾರನೇ ದಿನ ಸೂಪರ್‌ವೈಸರ್ ಬಾಯಲ್ಲಿ ಮಂತ್ರ ಕೇಳ್ಬೇಕಾಗುತ್ತೆ, ಯಾಕಂದ್ರೆ ಕೆಲವು ಸಲ ಬರೋದೇ ಇಲ್ಲ, ಬಂದ್ರೂ ಮುಖ ಕಿತ್ಕೊಂಡು ಬರುತ್ತೆ.

ಇಲ್ಲಿ ಗಾಳಿ ಇದೆ, ತೇವ ಇದೆ, ಮೇಲೆ ತೆಳ್ಳಗೆ ಆಕ್ಸೈಡ್ ಪದರ ಇದೆ, ಅದಕ್ಕೇ ಇಷ್ಟರಲ್ಲೇ ಮುಗಿಯುತ್ತೆ. ವ್ಯಾಕ್ಯೂಮಲ್ಲಿ ಆ ಪದರ ಉಜ್ಜಿ ಹೋದ್ರೆ ಮತ್ತೆ ಬೆಳೆಯಲ್ಲ, ಎರಡು ಲೋಹ ಬಿಸೀನೇ ಇಲ್ದೆ ವೆಲ್ಡ್ ಆಗ್ಬಿಡುತ್ತೆ. ಅದಕ್ಕೇ ಸ್ಯಾಟಲೈಟಿನ ತಿರುಗೋ ಪಾರ್ಟಿಗೆಲ್ಲ ಮಾಲಿಬ್ಡಿನಂ ಡೈಸಲ್ಫೈಡ್ ಥರದ ಡ್ರೈ ಲೂಬ್ರಿಕೆಂಟ್ ಹಾಕೋದು.

ಅಂದ್ರೆ ನನ್ನ ಲೆಕ್ಕದಲ್ಲಿ ಕೈ ಟೇಬಲ್ ಹತ್ರ ಪರಮಾಣು ಮಟ್ಟಕ್ಕೆ ನಿಜವಾಗ್ಲೂ ಹೋದ್ರೆ ಆಚೆ ಹೋಗೋ ಮಾತೇ ಇಲ್ಲ ಗುರು, ಅಂಟ್ಕೊಂಡು ಒಂದೇ ಪೀಸ್ ಆಗುತ್ತೆ.

ಸುಮ್ನೆ_ಓದೋಳು:

ಟೂಲ್‌ರೂಮ್ ಅಣ್ಣ ಹೇಳಿದ್ದನ್ನೇ ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋಗ್ತೀನಿ, ನಾನು ಮೆಟಲರ್ಜಿ ಓದಿದೋಳು. ಅಂಟ್ಕೊಂಡ್ಮೇಲೆ ಕತೆ ಮುಗಿಯಲ್ಲ. ಒಳಗೊಳಗೇ ಪರಮಾಣುಗಳು ಊರು ಬದಲಾಯಿಸೋಕೆ ಶುರು ಮಾಡ್ತವೆ. 1896ರಲ್ಲಿ ಇಂಗ್ಲೆಂಡಿನ ರಾಬರ್ಟ್ಸ್-ಆಸ್ಟಿನ್ ಸೀಸದ ಕಡ್ಡಿಯ ಒಂದು ತುದಿಗೆ ಚಿನ್ನ ಇಟ್ಟು, ಸೀಸ ಕರಗದಷ್ಟೇ ಬಿಸೀಲಿ ಬಿಟ್ಟು, ಆಮೇಲೆ ತುಂಡು ತುಂಡು ಮಾಡಿ ಪರೀಕ್ಷೆ ಮಾಡಿ ನೋಡಿದ್ರೆ ಚಿನ್ನ ಸೀಸದ ಒಳಗೆ ನಡ್ಕೊಂಡು ಹೋಗಿತ್ತು. ಘನದ ಒಳಗೆ ಘನ, ಎರಡೂ ಕರಗಿಲ್ಲ.

ಇದಕ್ಕಿಂತ ಚಂದದ್ದು 1947ರ ಕಿರ್ಕೆಂಡಾಲ್ ಪ್ರಯೋಗ. ಹಿತ್ತಾಳೆ ಕಡ್ಡಿಗೆ ಮಾಲಿಬ್ಡಿನಂ ತಂತಿ ಕಟ್ಟಿ, ಮೇಲೆ ದಪ್ಪಗೆ ತಾಮ್ರದ ಲೇಪ ಕೊಟ್ಟು, 785 ಡಿಗ್ರೀಲಿ ಇಟ್ರು. ತಂತಿ ಯಾಕೆ ಅಂದ್ರೆ ಅದು ಎರಡರಲ್ಲೂ ಕರಗಲ್ಲ, ಮೊದಲು ಗಡಿ ಎಲ್ಲಿತ್ತು ಅನ್ನೋದಕ್ಕೆ ಗುರುತು. ದಿನ ಕಳೆದ ಹಾಗೆ ಆ ತಂತಿಗಳು ಒಳಗಡೆ ಸರಿದ್ವು! ಯಾಕೆ? ಹಿತ್ತಾಳೆಯಿಂದ ಸತು ಹೊರಗೆ ಹೋಗೋ ಸ್ಪೀಡಿಗೆ ತಾಮ್ರ ಒಳಗೆ ಬರ್ತಿಲ್ಲ, ಹಾಗಾಗಿ ಒಳಗಿನ ಭಾಗವೇ ಸಣ್ಣ ಆಗ್ತಾ ಹೋಯ್ತು. ಪರಮಾಣುಗಳು ಜಾಗ ಅದಲುಬದಲು ಮಾಡ್ಕೊಳ್ಳಲ್ಲ, ಸಾಲಿನಲ್ಲಿ ಅಲ್ಲಲ್ಲಿ ಖಾಲಿ ಬಿದ್ದಿರೋ ತಾಣಕ್ಕೆ ಒಂದೊಂದೇ ಜಿಗಿದು ಜಿಗಿದು ಹೋಗೋದು ಅಂತ ಇದರಿಂದ ಗಟ್ಟಿಯಾಯ್ತು. ಅದಕ್ಕೂ ಮುಂಚೆ ಎಷ್ಟೋ ಜನ ಒಪ್ಪಿರ್ಲಿಲ್ಲ.

ಗ್ಯಾಸ್ ಲೆಕ್ಕಕ್ಕೆ ತಗೊಳ್ಳೋದಾದ್ರೆ ಪಲ್ಲೇಡಿಯಂ ಲೋಹ ನೋಡಿ. ತನ್ನ ಗಾತ್ರದ 900 ಪಟ್ಟು ಹೈಡ್ರೋಜನ್ ನುಂಗುತ್ತೆ. ಬಿಸಿ ಪಲ್ಲೇಡಿಯಂ ಹಾಳೆಯ ಒಂದು ಕಡೆ ಕೊಳಕು ಹೈಡ್ರೋಜನ್ ಬಿಟ್ರೆ ಇನ್ನೊಂದು ಕಡೆ ಶುದ್ಧ ಹೈಡ್ರೋಜನ್ ಬರುತ್ತೆ, ಹಾಳೇಲಿ ಒಂದು ತೂತೂ ಇಲ್ಲ. ಆದ್ರೆ ಅಣುವಾಗಿ ಹೋಗಲ್ಲ ಅದು, ಮೇಲ್ಮೈಯಲ್ಲಿ ಎರಡು ಪರಮಾಣುವಾಗಿ ಒಡೆದು, ಒಳಗೆ ನುಸುಳಿ, ಆ ಕಡೆ ಮತ್ತೆ ಜೋಡಿ ಆಗುತ್ತೆ.

ಅಂದ್ರೆ ಬೈಟು ಅವ್ರೇ, ಹಾದುಹೋಗೋದು ಆಗುತ್ತೆ, ಆದ್ರೆ ಆಕಾರ ಬಿಟ್ಟುಕೊಟ್ಟು. ನಿಮ್ಮ ಕೈ ಟೇಬಲ್ ಆಚೆ ಹೋಗ್ಬೇಕಾದ್ರೆ ಕೈಯಾಗಿ ಹೋಗಲ್ಲ. ವಾಪಸ್ ಜೋಡಿಸೋರು ಯಾರು ಅಂತ ಮೊದ್ಲು ಹುಡುಕ್ಕೊಳ್ಳಿ.

ಹುಬ್ಬಳ್ಳಿ_ಮಂದಿ:

ಎಲ್ಲಾರೂ ಸೈನ್ಸ್ ಹೇಳಾಕತ್ತೀರಿ, ಭಾಳ ಛಲೋ ಐತಿ. ಅಲ್ಲಮ-ಗೋರಕ್ಷರ ಕತಿ ಯಾರೂ ತಗೀಲಿಲ್ಲಲ್ರಿ ಅಂತ ನನಗ ಸಂಕಟ.

ಗೋರಕ್ಷ ಸಾಧನಿ ಮಾಡಿ ಮಾಡಿ ವಜ್ರಕಾಯ ಆಗಿದ್ದ. ಅಲ್ಲಮಪ್ರಭು ಕೈಯಾಗ ಕತ್ತಿ ಕೊಟ್ಟು ಹೊಡಿ ನೋಡೋಣು ಅಂದ. ಹೊಡದ್ರ ಖಣಲ್ ಅಂತ ಸಪ್ಪಳ ಬಂತು, ಒಂದ್ ಕೂದಲಾನೂ ಹರೀಲಿಲ್ಲ. ಅಲ್ಲಮ ನಕ್ಕು, ಈಗ ಆ ಕತ್ತಿ ತಗೊಂಡು ನನಗ ಹೊಡಿ ಅಂದ. ಗೋರಕ್ಷ ಬೀಸಿದ, ಕತ್ತಿ ಈ ಕಡಿಯಿಂದ ಹೊಕ್ಕು ಆ ಕಡಿ ಹೊಂಟೋತು, ಅಲ್ಲಮ ಹಂಗ ನಿಂತಾನ. ಬಯಲಿನಾಗ ಕತ್ತಿ ಆಡಿಸಿದಂಗ ಆತು. ಚಾಮರಸನೂ ಇದನ್ನ ಹಾಡ್ಯಾನ.

ನನಗ ಇದರಾಗ ಮಜಾ ಅನಸೂದು ಏನಂದ್ರ, ಕತ್ತಿ ಎರಡೂ ಸಲ ಅದ. ಮಂದಿ ಎಲ್ಲಾ ಗಟ್ಟಿ ಆಗೂದು ದೊಡ್ಡ ಸಿದ್ಧಿ ಅಂತ ತಿಳ್ಕೊಂಡ್ರ, ಕತಿ ಹೇಳಿದಾವ ಕತ್ತಿಗೆ ಸಿಗಲಾರದಂಗ ಇರೂದು ದೊಡ್ಡದು ಅಂದಾನ. ಮ್ಯಾಲ ಮೇಷ್ಟ್ರು ಹೇಳಿದ್ದು ಅದ ಅಲ್ಲೇನ್ರಿ, ಜಾಗಾ ಎಷ್ಟು ಖಾಲಿ ಐತಿ ಅನ್ನೂದು ಮುಖ್ಯ ಅಲ್ಲ, ಕತ್ತಿಗೂ ಮೈಗೂ ವ್ಯವಹಾರ ಐತೋ ಇಲ್ಲೋ ಅನ್ನೂದು ಮುಖ್ಯ.

ಪತಂಜಲಿ ಯೋಗಸೂತ್ರದ ಮೂರನೇ ಪಾದಕ್ಕ ವ್ಯಾಸಭಾಷ್ಯ ಐತಲ್ಲ, ಅದರಾಗ ಸಿದ್ಧಿ ಪಡದ ಯೋಗಿ ನೀರಾಗ ಮುಳುಗಿ ಎದ್ದಂಗ ಭೂಮ್ಯಾಗ ಮುಳುಗಿ ಏಳ್ತಾನ, ಕಲ್ಲಿನೊಳಗೂ ಹೊಗ್ತಾನ ಅಂತ ಬರೀತಾರ. ಖರೆ ಸುಳ್ಳು ಬಿಡ್ರಿ. ನನ್ನ ಡೌಟು ಏನಂದ್ರ, ಹಂಗ ಭೂಮ್ಯಾಗ ಹೊಕ್ಕಾವ ಎಲ್ಲಿ ನಿಲ್ತಾನ್ರಿ? ನಿಲ್ಲಸಾಕ ಏನೂ ಇಲ್ಲಲ್ಲ!

ಉರಿಗಾಂ_ಹುಡುಗ:

ಕತ್ತಿಗೂ ಮೈಗೂ ವ್ಯವಹಾರ ಇಲ್ಲ ಅಂದ್ರಲ್ಲ, ಆ ಥರ ಇರೋ ಕಣಗಳನ್ನ ನಮ್ಮೂರಲ್ಲೇ ಹಿಡಿದಿದಾರೆ ಸಾರ್.

ಕೆಜಿಎಫ್ ಅಂದ್ರೆ ಈಗ ಎಲ್ರಿಗೂ ಸಿನಿಮಾ. ನಮ್ ತಾತ ಚಾಂಪಿಯನ್ ರೀಫ್ಸಲ್ಲಿ ಕೆಲಸ ಮಾಡ್ದೋರು. ಆ ಗಣೀಲಿ ಎರಡು ಕಿಲೋಮೀಟರಿಗಿಂತ ಕೆಳಗೆ ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಅಂದ್ರೆ ಟಿಐಎಫ್‌ಆರ್‌ನೋರು, ಜಪಾನಿನ ಒಸಾಕಾದೋರು, ಇಂಗ್ಲೆಂಡಿನ ಡರಂನೋರು ಸೇರ್ಕೊಂಡು ಡಿಟೆಕ್ಟರ್ ಇಟ್ಟು, 1965ರಲ್ಲಿ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋ ಅನ್ನೋ, ಚಾರ್ಜೇ ಇಲ್ಲದ ಪುಟಾಣಿ ಕಣಗಳ ಗುರುತು ಹಿಡಿದ್ರು. ಅದೇ ವರ್ಷ ಸೌತ್ ಆಫ್ರಿಕಾದ ಒಂದು ಚಿನ್ನದ ಗಣೀಲೂ ಸಿಕ್ತು, ಜಗತ್ತಿನಲ್ಲಿ ಮೊದಲು ಸಿಕ್ಕಿದ್ದೇ ಇವೆರಡು ಕಡೆ. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರು ಅದಕ್ಕೆ ಹತ್ತು ವರ್ಷಕ್ಕಿಂತ ಮುಂಚೆಯಿಂದಾನೇ ಇದೇ ಗಣಿಗಳಲ್ಲಿ ಇಳಿದು ಬೇರೆ ಬೇರೆ ಆಳದಲ್ಲಿ ಮ್ಯುಯಾನ್ ಅನ್ನೋ, ಎಲೆಕ್ಟ್ರಾನಿನ ಥರದ್ದೇ ಆದ್ರೆ ಭಾರದ ಕಣಗಳನ್ನ ಅಳೀತಿದ್ರು.

ಅಷ್ಟು ಆಳ ಯಾಕೆ ಅಂದ್ರೆ ಮ್ಯುಯಾನ್ ಕಾಟ. ಅದೂ ಗಟ್ಟಿ ವಸ್ತು ಒಳಗೆ ಹೋಗೋ ಗಿರಾಕೀನೇ, ಆಕಾಶದಿಂದ ಬಂದು ತಾರಸಿ, ಗೋಡೆ, ತಲೆ ಎಲ್ಲ ದಾಟ್ಕೊಂಡು ಹೋಗುತ್ತೆ. ಅಂಗೈ ಚಾಚಿ ಹಿಡ್ಕೊಂಡ್ರೆ ಹೆಚ್ಚುಕಮ್ಮಿ ಸೆಕೆಂಡಿಗೊಂದು ಹಾದು ಹೋಗ್ತಿರುತ್ತೆ, ಈಗ ಇದನ್ನ ಓದ್ತಿರೋವಾಗ್ಲೂ. ಆದ್ರೆ ಅದಕ್ಕೆ ಚಾರ್ಜ್ ಇದೆ, ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಎನರ್ಜಿ ಸುಂಕ ಕಟ್ಕೊಂಡೇ ಹೋಗ್ಬೇಕು, ಕಿಲೋಮೀಟರುಗಟ್ಲೆ ಬಂಡೆ ಬಂದ್ರೆ ಬಹುಪಾಲು ಅಲ್ಲೇ ನಿಂತೋಗುತ್ತೆ. ಇದನ್ನೇ ಉಪಯೋಗಿಸ್ಕೊಂಡು 2017ರಲ್ಲಿ ಈಜಿಪ್ಟಿನ ಖುಫು ಪಿರಮಿಡ್ ಒಳಗೆ ಕಮ್ಮಿ ಅಂದ್ರೂ 30 ಮೀಟರ್ ಉದ್ದದ ಖಾಲಿ ಜಾಗ ಕಂಡುಹಿಡಿದ್ರು, ಒಂದು ಕಲ್ಲೂ ಕೀಳದೆ. ಆ ದಿಕ್ಕಿಂದ ಮ್ಯುಯಾನ್ ಲೆಕ್ಕಕ್ಕಿಂತ ಜಾಸ್ತಿ ಬರ್ತಿತ್ತು, ಅಷ್ಟೇ.

ನ್ಯೂಟ್ರಿನೋಗೆ ಈ ಸುಂಕಾನೂ ಇಲ್ಲ. ಸೂರ್ಯನಿಂದ ಬರೋವೇ ಸೆಕೆಂಡಿಗೆ ಒಂದು ಚದರ ಸೆಂಟಿಮೀಟರಲ್ಲಿ ಸುಮಾರು 6,500 ಕೋಟಿ ದಾಟಿ ಹೋಗ್ತವೆ. ರಾತ್ರಿ ಹೊತ್ತು ಭೂಮಿ ಅಡ್ಡ ಇದ್ರೂ ಕಮ್ಮಿ ಆಗಲ್ಲ, ಕೆಳಗಿಂದ ಮಂಚ ಹಾಸಿಗೆ ತೂರ್ಕೊಂಡು ಬರ್ತವೆ. ಹಾಗಾಗಿ ಬೈಟು ಅವರ ಮೂರನೇ ಪ್ರಶ್ನೆಗೆ ನಮ್ಮೂರ ಉತ್ತರ: ಬೇಕಾದಷ್ಟು ಹೋಗ್ತವೆ, ಆದ್ರೆ ಅವು ಗಟ್ಟಿ ಅಲ್ಲ. ಗಣಿ 2001ರಲ್ಲಿ ಮುಚ್ಚಿದ್ರು, ಈಗ ಕೆಳಗೆಲ್ಲ ನೀರು ತುಂಬಿದೆ. ಇಂಥ ಜಾಗಾನ ಒಂದು ಲ್ಯಾಬಾಗಿ ಉಳಿಸ್ಕೋಬೇಕು ಅಂತ ಯಾರಿಗೂ ಅನ್ನಿಸ್ಲಿಲ್ಲ ನೋಡಿ, ಅದು ಬೇರೆ ಸಂಕಟ.

ಬೈಟು_ಕಾಫಿ:

ಅಬ್ಬಾ, ಇಷ್ಟೆಲ್ಲಾ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಎಲ್ರಿಗೂ ಥ್ಯಾಂಕ್ಸ್. ಆದ್ರೆ ಆಫೀಸಿನಲ್ಲಿ ಒಬ್ಬ ಇಂಜಿನಿಯರಿಂಗ್ ಹುಡುಗ ಇದಾನೆ, ಅವನು ಕ್ವಾಂಟಮ್ ಟನೆಲಿಂಗ್ ಅಂತ ಹೊಸ ಅಸ್ತ್ರ ಬಿಟ್ಟ, ಅಂದ್ರೆ ದಾಟೋಕೆ ಸಾಕಷ್ಟು ಶಕ್ತಿ ಇಲ್ದಿದ್ರೂ ಕಣ ಅಡ್ಡಗೋಡೆ ಆಚೆ ಹೋಗ್ಬಿಡೋದಂತೆ. ಅದರ ಪ್ರಕಾರ ಟೇಬಲ್ ಬಡಿಯೋ ಕತೆಗೆ ಚಾನ್ಸ್ ಸೊನ್ನೆ ಅಲ್ವಂತೆ. ಸೊನ್ನೆ ಅಲ್ಲ ಅಂದ್ರೆ ಎಷ್ಟು ಅಂತ ಕೇಳಿದ್ರೆ ತುಂಬಾ ಕಮ್ಮಿ ಅಂತಾನೆ. ಕಮ್ಮಿ ಅಂದ್ರೆ ಎಷ್ಟಪ್ಪಾ, ನಮ್ಗೆ ನಂಬರ್ ಬೇಕು, ಬಿಕಾಂ ಅಲ್ವಾ.

ಐಂಧೋವನ್_ಕನ್ನಡಿಗ:

ನಂಬರ್ ನಾನು ಕೊಡ್ತೀನಿ, ಚಿಪ್ ಫೀಲ್ಡಲ್ಲಿರೋದ್ರಿಂದ ಈ ಟನೆಲಿಂಗ್ ನಮಗೆ ದಿನನಿತ್ಯದ ತಲೆನೋವು.

ಮೊದಲು ಎಲೆಕ್ಟ್ರಾನ್ ತಗೊಳ್ಳಿ. 4 ಎಲೆಕ್ಟ್ರಾನ್ ವೋಲ್ಟ್ ಎತ್ತರದ ಅಡ್ಡಗೋಡೆ (ಎತ್ತರ ಅಂದ್ರೆ ಇಲ್ಲಿ ದಾಟೋಕೆ ಕೊರತೆ ಇರೋ ಶಕ್ತಿ), ದಪ್ಪ 1 ನ್ಯಾನೋಮೀಟರ್ ಅಂದ್ಕೊಂಡ್ರೆ ಒಂದು ಸಲ ಡಿಕ್ಕಿ ಹೊಡೆದಾಗ ಆಚೆ ಹೋಗೋ ಚಾನ್ಸು ಸುಮಾರು 80 ಕೋಟಿಗೆ ಒಂದು. ಕಮ್ಮಿ ಅನ್ಸುತ್ತೆ, ಆದ್ರೆ ಎಲೆಕ್ಟ್ರಾನುಗಳು ಲೆಕ್ಕ ಇಲ್ಲದಷ್ಟಿವೆ, ಡಿಕ್ಕಿ ಹೊಡೀತಾನೇ ಇರ್ತವೆ, ಹಾಗಾಗಿ ಕರೆಂಟು ಸೋರುತ್ತೆ. ಟ್ರಾನ್ಸಿಸ್ಟರಿನ ಆಕ್ಸೈಡ್ ಪದರ 1.2 ನ್ಯಾನೋಮೀಟರ್ ಹತ್ರ ಬಂದಾಗ ಈ ಸೋರಿಕೆ ತಡ್ಕೊಳ್ಳೋಕಾಗ್ದೆ ಇಂಟೆಲ್ಲು 2007ರಲ್ಲಿ ಹ್ಯಾಫ್ನಿಯಂ ಇರೋ ಬೇರೆ ಪದರಕ್ಕೆ ಹೋಯ್ತು, ಅದನ್ನ ದಪ್ಪಗೆ ಹಾಕಬಹುದು ಅಂತ. ದಪ್ಪ ಯಾಕೆ ಮುಖ್ಯ ಅಂದ್ರೆ, ಗೋಡೆ ಹತ್ತನೇ ಒಂದು ನ್ಯಾನೋಮೀಟರ್ ಹೆಚ್ಚು ದಪ್ಪ ಆದ್ರೆ ಸಾಕು ಚಾನ್ಸು ಏಳೆಂಟು ಪಟ್ಟು ಬಿದ್ದೋಗುತ್ತೆ. ಇದೇ ಗುಣ ಇಟ್ಕೊಂಡು 1981ರಲ್ಲಿ ಬಿನ್ನಿಗ್, ರೋರರ್ ಇಬ್ರೂ ಒಂದೊಂದು ಪರಮಾಣೂನೂ ತೋರ್ಸೋ ಮೈಕ್ರೋಸ್ಕೋಪ್ ಮಾಡಿದ್ದು, 1986ರಲ್ಲಿ ನೊಬೆಲ್ ಬಂತು. ಸೂರ್ಯ ಉರಿಯೋದು, ಯುರೇನಿಯಂನಿಂದ ಆಲ್ಫಾ ಕಣ ತಪ್ಪಿಸ್ಕೊಂಡು ಬರೋದು ಎಲ್ಲಾ ಇದೇ ದಾರೀಲೇ, ಆಲ್ಫಾ ವಿಷ್ಯ 1928ರಲ್ಲಿ ಗ್ಯಾಮೋ ಹೇಳಿದ್ದು.

ಈಗ ನಿಮ್ಮ ಕೊಲೀಗು. ತೂಕ 60 ಕೆಜಿ ಅಂತಿಟ್ಕೊಳ್ಳಿ, ಒಂಬತ್ತಿಂಚಿನ ಗೋಡೆ, ದಾಟೋಕೆ ಬೇಕಾದ ಶಕ್ತಿಗೆ ಬರೀ 1 ಜೂಲ್ ಕೊರತೆ ಅಂತ ತುಂಬಾ ಉದಾರವಾಗಿ ಬಿಟ್ಕೊಡೋಣ. ಚಾನ್ಸು ಎಷ್ಟಕ್ಕೆ ಒಂದು ಅಂದ್ರೆ, 1 ಬರೆದು ಮುಂದೆ ಸೊನ್ನೆ ಹಾಕ್ತಾ ಹೋಗಿ. ಎಷ್ಟು ಸೊನ್ನೆ? 2ರ ಮುಂದೆ 34 ಸೊನ್ನೆ ಹಾಕಿದ್ರೆ ಬರುತ್ತಲ್ಲ, ಅಷ್ಟು ಸೊನ್ನೆ. ಆ ನಂಬರನ್ನ ಬರೆಯೋಕೇ ಆಗಲ್ಲ: ವಿಶ್ವ ಹುಟ್ಟಿ 1,380 ಕೋಟಿ ವರ್ಷ, ಅಲ್ಲಿಂದ ಸೆಕೆಂಡಿಗೆ ನೂರು ಕೋಟಿ ಸೊನ್ನೆ ಹಾಕ್ತಾ ಬಂದಿದ್ರೂ ಕೆಲಸ ಶುರು ಆಗಿದೆ ಅಂತ ಹೇಳೋಕಾಗ್ತಿರ್ಲಿಲ್ಲ. ದಿನಕ್ಕೆ ಎಷ್ಟು ಸಲ ಟೇಬಲ್ ಬಡಿದ್ರೂ ಈ ಲೆಕ್ಕ ಅಲುಗಾಡಲ್ಲ. ಅದ್ರಲ್ಲೂ ಇದು ಮನುಷ್ಯನ್ನ ಒಂದೇ ಕಣ ಅಂತ ತಗೊಂಡು ಮಾಡಿದ ಲೆಕ್ಕ, ನಿಜದಲ್ಲಿ ಅವನು ಬಿಡಿಬಿಡಿ ಪರಮಾಣುಗಳ ರಾಶಿ, ಎಲ್ಲವೂ ಒಟ್ಟಿಗೆ ಹಾರ್ಬೇಕು.

ರೀಲಿನೋರಿಗೆ ಮುಂದೆ ಹೊಸ ಮೇವು ಏನು ಅಂತಾನೂ ಹೇಳ್ಬಿಡ್ತೀನಿ. 2025ರ ಫಿಸಿಕ್ಸ್ ನೊಬೆಲ್ಲು ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಮೂವರಿಗೆ ಬಂತು, ಕಣ್ಣಿಗೆ ಕಾಣೋ ಮಟ್ಟದ ಟನೆಲಿಂಗ್‌ಗೆ ಅಂತ. 1984-85ರ ಪ್ರಯೋಗ. ಕೇಳಿದ ತಕ್ಷಣ ವಸ್ತು ಗೋಡೆ ದಾಟಿತು ಅಂದ್ಕೋಬೇಡಿ. ಅಲ್ಲಿ ಕರೆಂಟಿಗೆ ತಡೆಯೇ ಇಲ್ಲದ ಸೂಪರ್‌ಕಂಡಕ್ಟಿಂಗ್ ಸರ್ಕ್ಯೂಟು ವೋಲ್ಟೇಜ್ ಇಲ್ಲದ ಸ್ಥಿತಿಯಿಂದ ವೋಲ್ಟೇಜ್ ಇರೋ ಸ್ಥಿತಿಗೆ ಟನೆಲ್ ಆಯ್ತು, ಕೋಟಿಗಟ್ಲೆ ಎಲೆಕ್ಟ್ರಾನ್ ಜೋಡಿಗಳು ಒಂದೇ ಆಗಿ ವರ್ತಿಸಿದ್ವು. ಚಿಪ್ಪು ಇಟ್ಟ ಜಾಗದಲ್ಲೇ ಇತ್ತು.

ಕುಡ್ಲ_ಕಡಲು:

ನೀವೆಲ್ಲ ದೊಡ್ಡ ದೊಡ್ಡ ನಂಬರ್ ಹೇಳ್ತೀರಿ ಮಾರಾಯ್ರೆ, ಘನದ ಒಳಗೆ ಘನ ಹಾದುಹೋಗೋದು ನೋಡ್ಲಿಕ್ಕೆ ಬಂದರಿನ ಐಸ್ ಪ್ಲಾಂಟಿಗೆ ಬನ್ನಿ. ಒಂದು ಉದ್ದದ ಐಸ್ ಬ್ಲಾಕು ತಗೊಂಡು ಎರಡು ಸ್ಟೂಲಿನ ನಡುವೆ ಅಡ್ಡ ಇಡಿ. ಸಪೂರ ತಾಮ್ರದ ತಂತಿ ಅದರ ಮೇಲೆ ಹಾಕಿ, ಎರಡೂ ಕೊಡಿಗೆ ನೀರು ತುಂಬಿದ ಕ್ಯಾನ್ ಕಟ್ಟಿ ನೇತಾಡ್ಲಿಕ್ಕೆ ಬಿಡಿ. ತಂತಿ ಮೆಲ್ಲ ಮೆಲ್ಲ ಐಸಿನ ಒಳಗೆ ಇಳೀತಾ ಹೋಗ್ತದೆ, ಕಡೆಗೆ ಕೆಳಗಿಂದ ಬಂದು ಕ್ಯಾನ್ ಸಮೇತ ದಡಕ್ಕಂತ ಬೀಳ್ತದೆ. ಐಸ್ ಎರಡು ತುಂಡಾಗ್ಲಿಕ್ಕೆ ಇಲ್ಲ! ಬ್ಲಾಕ್ ಇಡೀ ಉಂಟು, ತಂತಿ ಹೋದ ದಾರೀಲಿ ಸಣ್ಣ ಸಣ್ಣ ಗುಳ್ಳೆಯ ಒಂದು ಮಸುಕು ಗೆರೆ ಮಾತ್ರ. ಎತ್ತಿ ನೋಡಿದ್ರೂ ಮುರೀಲಿಕ್ಕಿಲ್ಲ.

ತಂತಿಯ ಒತ್ತಡಕ್ಕೆ ಐಸ್ ಕರಗ್ತದೆ, ನೀರು ಮೇಲೆ ಬಂದು ಮತ್ತೆ ಹೆಪ್ಪುಗಟ್ತದೆ ಅಂತ ಪುಸ್ತಕದಲ್ಲಿ ಉಂಟಲ್ಲ, ಅದು ಪೂರ್ತಿ ಕತೆ ಅಲ್ಲ. ಒಂದು ಅಟ್ಮಾಸ್ಫಿಯರ್ ಒತ್ತಡಕ್ಕೆ ಐಸ್ ಕರಗೋ ಬಿಂದು ಇಳಿಯೋದು 0.007 ಡಿಗ್ರಿ ಅಷ್ಟೆ. ಅದರ ಜೊತೆ ಕೆಲಸ ಮಾಡೋದು ಲೋಹ. ಮೇಲೆ ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖ ತಂತಿಯ ಮೂಲಕ ಕೆಳಗೆ ಹೋಗಿ ಮುಂದಿನ ಐಸ್ ಕರಗಿಸ್ತದೆ. ಅದೇ ದಪ್ಪದ ಗಾಳದ ನೈಲಾನ್ ದಾರ ಹಾಕಿ ನೋಡಿ, ಅಷ್ಟೇ ಭಾರ ಕಟ್ಟಿ ನೋಡಿ, ತಾಮ್ರದ ಹಾಗೆ ಹೋಗುದೇ ಇಲ್ಲ. ಫ್ರೀಜರ್ ಒಳಗೆ ಇಟ್ಟು ಮಾಡ್ಬೇಡಿ, ಸೊನ್ನೆ ಡಿಗ್ರಿಯ ಹತ್ರ ಇರುವ ಐಸೇ ಆಗ್ಬೇಕು.

ಪೀಣ್ಯ_ಟೂಲ್‌ರೂಮ್:

ಕುಡ್ಲ ಅಣ್ಣ ಇದು ಮಸ್ತ್, ಈ ಭಾನುವಾರ ಮಾಡೇ ಮಾಡ್ತೀನಿ. ಆದ್ರೆ ಟೆಕ್ನಿಕಲಿ ಐಸ್ ಅಲ್ಲಿ ಒಂದು ಕ್ಷಣ ಘನ ಆಗಿರಲ್ಲ, ಹಾಗಾಗಿ ಬೈಟು ಬ್ರೋಗೆ ಪೂರ್ತಿ ಮಾರ್ಕ್ಸ್ ಸಿಗಲ್ಲ.

ಕುಡ್ಲ_ಕಡಲು:

ಕಣ್ಣಿಗೆ ಕಾಣುದು ಮುಖ್ಯ ಮಾರಾಯ್ರೆ. ಮಾರ್ಕ್ಸ್ ನೀವೇ ಇಟ್ಕೊಳ್ಳಿ.

ಬೈಟು_ಕಾಫಿ:

ಹುಬ್ಬಳ್ಳಿ ಸರ್ ಕೇಳಿದ್ದಕ್ಕೆ ಯಾರೂ ಉತ್ರ ಕೊಡ್ಲಿಲ್ಲ. ಒಬ್ಬ ಮನುಷ್ಯ ನ್ಯೂಟ್ರಿನೋ ಥರ ಆಗ್ಬಿಟ್ಟ, ಯಾವ ಪರಮಾಣು ಜೊತೇನೂ ವ್ಯವಹಾರ ಇಲ್ಲ, ಗುರುತ್ವ ಮಾತ್ರ ಇದೆ. ಗಾಂಧಿಬಜಾರಲ್ಲಿ ನಿಂತಿದಾನೆ. ಏನಾಗುತ್ತೆ?

ರಿಟೈರ್ಡ್_ಮೇಷ್ಟ್ರು:

ನಿಂತಿದಾನೆ ಅನ್ನೋದೇ ಸುಳ್ಳು. ಆ ಕ್ಷಣದಿಂದ ಬೀಳ್ತಾನೆ. ಬೀಳೋಕೆ ಮುಂಚೆ ಕುರುಡಾಗ್ತಾನೆ, ಬೆಳಕು ಅವನ ಕಣ್ಣಿನ ಪರದೆಯನ್ನೂ ಹಾದು ಹೋಗುತ್ತಲ್ಲ. ಉಸಿರೂ ಇಲ್ಲ, ಗಾಳಿ ಶ್ವಾಸಕೋಶದ ಗೋಡೇಲಿ ನಿಲ್ಲಲ್ಲ. ಸಿನಿಮಾದಲ್ಲಿ ಗೋಡೆ ದಾಟೋ ದೆವ್ವ ನೆಲದ ಮೇಲೆ ಮಾತ್ರ ಆರಾಮಾಗಿ ನಡೀತಿರುತ್ತೆ, ನೆಲ ಏನು ಬೇರೆ ಸಿಮೆಂಟಾ?

ಭೂಮಿಯ ಸಾಂದ್ರತೆ ಎಲ್ಲಾ ಕಡೆ ಒಂದೇ ಅಂತ ಸರಳ ಮಾಡ್ಕೊಂಡ್ರೆ ಇನ್ನೊಂದು ಕಡೆಗೆ ತಲುಪೋಕೆ 42 ನಿಮಿಷ. ತಡಿಯೋದು ಏನೂ ಇಲ್ಲ ಅಂದ್ಮೇಲೆ ಅಲ್ಲಿ ನಿಲ್ಲಲ್ಲ, ಮತ್ತೆ ವಾಪಸ್, ಹೀಗೇ ಕೊನೆ ಇಲ್ದೆ ಓಡಾಡ್ತಿರ್ತಾನೆ.

ಐಂಧೋವನ್_ಕನ್ನಡಿಗ:

ಮೇಷ್ಟ್ರೇ, ಒಂದು ಸೇರಿಸ್ತೀನಿ. ಭೂಮಿ ತಿರುಗ್ತಿದೆ, ಬೆಂಗಳೂರಲ್ಲಿ ನಾವು ಪೂರ್ವಕ್ಕೆ ಸೆಕೆಂಡಿಗೆ ಸುಮಾರು 450 ಮೀಟರ್ ಸ್ಪೀಡಲ್ಲಿ ಓಡ್ತಿದೀವಿ. ಆ ಸ್ಪೀಡು ಅವನ ಜೊತೇಲೇ ಇರುತ್ತೆ, ಹಾಗಾಗಿ ನೇರ ಕೇಂದ್ರಕ್ಕೆ ಹೋಗಲ್ಲ, ಕೇಂದ್ರದಿಂದ 300 ಚಿಲ್ಲರೆ ಕಿಲೋಮೀಟರ್ ಪಕ್ಕದಲ್ಲಿ ಹಾದು ಹೋಗ್ತಾನೆ. ಆ 42 ನಿಮಿಷದಲ್ಲಿ ಭೂಮಿ ಹತ್ತೂವರೆ ಡಿಗ್ರಿ ತಿರುಗಿರುತ್ತೆ, ಅಂದ್ರೆ ಬೆಂಗಳೂರಿನ ಸರಿ ಎದುರಿಗಿರೋ ಜಾಗದಲ್ಲೂ ಏಳಲ್ಲ, ಅದಕ್ಕಿಂತ ಪಶ್ಚಿಮಕ್ಕೆ, ಹೆಚ್ಚುಕಮ್ಮಿ 113 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿ ಏಳ್ತಾನೆ. ಪೆರು ದೇಶದಿಂದ ಮೂರೂವರೆ ಸಾವಿರ ಕಿಲೋಮೀಟರಿಗಿಂತ ದೂರ, ಸುತ್ತ ಪೆಸಿಫಿಕ್ ಸಾಗರ.

ಹುಬ್ಬಳ್ಳಿ_ಮಂದಿ:

ದೋಣಿ ಕಳಸೂಣೇನ್ರಿ?

ಐಂಧೋವನ್_ಕನ್ನಡಿಗ:

ಕಳ್ಸಿ ಸರ್, ಆದ್ರೆ ಅವನು ದೋಣಿ ಹಲಗೇನೂ ತೂರ್ಕೊಂಡೇ ಮೇಲೆ ಬಂದು ತೂರ್ಕೊಂಡೇ ಕೆಳಗೆ ಹೋಗ್ತಾನೆ.